ಡಾಟ್ ಹುಡುಕುವ ಕುರ್ಚಿ

ಸ್ಕಿಪ್ಟನ್,
ಸೋಮವಾರ, 21 ಜುಲೈ 2014

ಪ್ರೀತಿಯ ಡೊರೀನ್,

ಹೇಗಿದ್ದೀಯ? ಬಲಗೈಯಲ್ಲಿ ಆ ಸ್ಪಂಜಿನ ಚೆಂಡು ಹಿಸುಕುವುದು ದಿನಕ್ಕೆ ಮೂರು ಸಲವೂ ನಡೆಯುತ್ತಿದೆಯೋ, ಇಲ್ಲ ನರ್ಸಮ್ಮ ಬೆನ್ನು ತಿರುಗಿಸಿದ ಕೂಡಲೇ ಅದು ದಿಂಬಿನಡಿಗೆ ಹೋಗುತ್ತಿದೆಯೋ? ಬುಧವಾರ ಬಂದಾಗ ಅಲ್ಲೇ ಸಿಕ್ಕಿತು, ಅದಕ್ಕೆ ಕೇಳಿದೆ. ಊಟ ಸೇರುತ್ತಿದೆ ತಾನೆ? ಮೀನು ಕೊಟ್ಟ ದಿನವಾದರೂ ತಟ್ಟೆ ಖಾಲಿ ಮಾಡು. ಫೆಬ್ರವರಿಯಲ್ಲಿ ಪಾರ್ಶ್ವವಾಯು ಬಡಿದಾಗಿನಿಂದ ನೀನು ಹನ್ನೆರಡು ಕಿಲೋ ಇಳಿದಿದ್ದೀಯಂತೆ. ಮೂವತ್ತು ವರ್ಷ ಇಳಿಸಬೇಕು ಇಳಿಸಬೇಕು ಅಂತ ಗೋಳಾಡಿದ ತೂಕ ಅದು, ಆದರೆ ಇಳಿಸುವ ದಾರಿ ಇದಲ್ಲ. ಎಲ್ಲರೂ ಹೊಗಳುವ ಆ ಸಮುದ್ರದ ಕಿಟಕಿಯ ಕಡೆ ಈ ವಾರವಾದರೂ ಒಮ್ಮೆ ತಲೆ ತಿರುಗಿಸಿದೆಯಾ?

ನಾನು ಇದ್ದೇನೆ. ಸೊಂಟ ಹಿಡಿದುಕೊಂಡಿದೆ, ಕಣ್ಣು ಉರಿಯುತ್ತಿದೆ, ಅಷ್ಟು ಬಿಟ್ಟರೆ ಆರಾಮ. ಮೂವತ್ತೊಂದು ವರ್ಷ ಬಸ್ ಓಡಿಸಿದವನಿಗೆ ಭಾನುವಾರ ಬೆಳಿಗ್ಗೆ ಐದಕ್ಕೆ ವ್ಯಾನು ತೆಗೆಯುವುದು ಏನು ಮಹಾ ಅಂದುಕೊಂಡಿದ್ದೆ. ಆದರೆ ಬಸ್ಸಿನಲ್ಲಿ ಯಾವ ಒದ್ದೆ ನಾಯಿಯೂ ಹಿಂದಿನಿಂದ ನನ್ನ ಕತ್ತಿನ ಮೇಲೆ ಉಸಿರು ಬಿಡುತ್ತಿರಲಿಲ್ಲ. ಈ ಬೇಸಿಗೆ ನಾನು ದಣಿದಿರುವಷ್ಟು ಕೆಲಸದಲ್ಲಿದ್ದಾಗ ಎಂದೂ ದಣಿದಿರಲಿಲ್ಲ ಡೊರೀನ್. ಇವತ್ತು ತೋಟಕ್ಕೂ ಹೋಗಲಿಲ್ಲ. ಬಟಾಣಿ ಬಲಿತು ಗಟ್ಟಿಯಾಗಿರುತ್ತದೆ, ಆಗಲಿ.

ನಿನಗೆ ಮಾತು ಕಲಿಸುವ ಆ ಹೆಂಗಸು ಹೇಳಿದ್ದಕ್ಕೆ ಈ ಕಾಗದ. "ದೊಡ್ಡ ಅಕ್ಷರದಲ್ಲಿ ಬರ್ದು ಕಳ್ಸಿ, ಓದೋದು ಅವರಿಗೆ ಒಳ್ಳೇದು, ನಿಧಾನಕ್ಕೆ ಓದ್ಕೋತಾರೆ" ಅಂದಳು. ನಾಲ್ಕು ದಿನಕ್ಕೆ ಹಂಚಿಕೊಂಡು ಓದು, ಅವಸರವಿಲ್ಲ. ನನಗೂ ಇದೇ ವಾಸಿ. ನಿನ್ನ ಮಂಚದ ಪಕ್ಕ ಕೂತರೆ ನನ್ನ ಬಾಯಿಂದ ಟೊಮೆಟೊ, ರೈಲಿನ ಹೊತ್ತು, ಮಳೆ, ಇವು ಬಿಟ್ಟು ಬೇರೇನೂ ಹೊರಡುವುದಿಲ್ಲ. ಒಂದು ಗಂಟೆ ಮಾತಾಡಿ, ಏನೂ ಹೇಳದೆ ಎದ್ದು ಬರುತ್ತೇನೆ.

ಮೇ ತಿಂಗಳಿಂದ "ಟೆಸ್ಸಾ ನಿನ್ನ ನಾಯೀನ ಚೆನ್ನಾಗಿ ಓಡಿಸ್ತಿದಾಳೆ, ಡಾಟ್ ಚೆನ್ನಾಗಿದಾಳೆ" ಅಂತ ಪ್ರತಿ ಬುಧವಾರ ಹೇಳಿದ್ದೆನಲ್ಲ, ಅದು ನಿಜವಲ್ಲ. ನಿಜ ಏನು ಅಂತ ಈಗ ಮೊದಲಿಂದ ಬರೆಯುತ್ತೇನೆ. ಮಧ್ಯದಲ್ಲಿ ಕೋಪ ಬಂದರೆ ಕಾಗದ ಕೆಳಗಿಟ್ಟು ಚೆಂಡು ಹಿಸುಕು.

ನೀನು ಆಸ್ಪತ್ರೆ ಸೇರಿದ ಮೇಲೆ, ನಾಯಿಗಳ ಅಡೆತಡೆ ಓಟದ ಪಂದ್ಯಗಳಿಗೆ ಈ ವರ್ಷ ಹೋಗುವುದು ಬೇಡ ಅಂತ ನಾನೂ ಗಿಲ್ಲೂ ಮಾತಾಡಿಕೊಂಡಿದ್ದೆವು. ನಮ್ಮ ಮಗಳಿಗೆ ಬಿಸ್ಕತ್ ಕಾರ್ಖಾನೆಯಲ್ಲಿ ಶನಿವಾರ, ಭಾನುವಾರವೇ ಪಾಳಿ. ಟೆಸ್ಸಾಳ ಅಪ್ಪನ ಸುದ್ದಿ ಬಿಡು, ಅವನು ಹುಟ್ಟುಹಬ್ಬಕ್ಕೊಂದು ಕಾರ್ಡು ಹಾಕಿದರೆ ಹೆಚ್ಚು. ಉಳಿದವನು ನಾನು. ಹನ್ನೊಂದು ವರ್ಷ ನೀನು ಪ್ರತಿ ಬೇಸಿಗೆ ನಾಯಿ ಕಟ್ಟಿಕೊಂಡು ಊರೂರು ಅಲೆದಾಗ ಒಂದು ದಿನವೂ ಜೊತೆಗೆ ಬಾರದೆ, "ನಾಯಿ ಬೇಲಿ ಹಾರೋದು ನೋಡೋಕೆ ಲೀಡ್ಸ್ ದಾಟಿ ಹೋಗ್ಬೇಕಾ, ಹಿಂದಿನ ಹೊಲದಲ್ಲಿ ಪುಕ್ಕಟೆ ಹಾರ್ತವೆ" ಅಂತ ಗೇಲಿ ಮಾಡಿದವನು. ಆದರೆ ಮೇ ಮೊದಲ ವಾರ ಟೆಸ್ಸಾ ಅಡುಗೆಮನೆಗೆ ಬಂದು, ನೀನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿದ್ದ ಐದು ಭಾನುವಾರಗಳನ್ನು ತೋರಿಸಿದಳು. "ಅಜ್ಜಿ ಎಲ್ಲಕ್ಕೂ ಹೆಸರು ಕೊಟ್ಟಾಗಿದೆ ತಾತ. ನೀನು ವ್ಯಾನ್ ಓಡಿಸ್ತೀಯಾ? ನಾಯಿ ಕೆಲಸ ಎಲ್ಲಾ ನಾನು ನೋಡ್ಕೋತೀನಿ, ನೀನು ಕೂತ್ಕೊಂಡಿದ್ರೆ ಸಾಕು." ಹದಿಮೂರು ವರ್ಷದ ಹುಡುಗಿ, ಆಫೀಸಿನವರ ಹಾಗೆ ಮಾತಾಡಿದಳು. ಒಲ್ಲೆ ಅನ್ನಲಾಗಲಿಲ್ಲ.

ಮೊದಲನೆಯದು ರಿಪನ್ ಆಚೆಯ ಮೈದಾನದಲ್ಲಿ. ಗಾಳಿ, ಕೆಸರು, ನೂರಾರು ನಾಯಿ, ಎಲ್ಲವೂ ಒಟ್ಟಿಗೆ ಬೊಗಳುತ್ತಿದ್ದವು. ನಿನ್ನ ಗೆಳತಿ ಪ್ಯಾಟ್ ಆಲ್ಡ್ರಿಡ್ಜ್ ದೂರದಿಂದಲೇ ಕಂಡು, ತನ್ನ ಐದು ನಾಯಿಗಳನ್ನೂ ಮೀರಿಸುವ ಗಂಟಲಿನಲ್ಲಿ, "ಏನ್ರೀ ವಿಲ್ಫ್, ಕೊನೆಗೂ ಬಂದ್ರಾ, ಹನ್ನೊಂದು ವರ್ಷ ಲೇಟು" ಅಂತ ಇಡೀ ಮೈದಾನಕ್ಕೆ ಸಾರಿದಳು. ಆಮೇಲೆ ಹತ್ತಿರ ಬಂದು ನಿನ್ನ ಬಗ್ಗೆ ಕೇಳಿದಳು, ಆಗ ಅವಳ ದನಿ ಬೇರೆಯೇ ಇತ್ತು. ಟೆಸ್ಸಾ ಉಳಿದವರ ಜೊತೆ ಖಾಲಿ ಅಂಕಣದಲ್ಲಿ ನಡೆಯುತ್ತಾ ದಾರಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು, ಕೈ ತಿರುಗಿಸುತ್ತಾ, ತುಟಿ ಆಡಿಸುತ್ತಾ, ಇಲ್ಲದ ನಾಯಿಯನ್ನು ಕರೆಯುತ್ತಾ. ದೊಡ್ಡವರು ಇಪ್ಪತ್ತು ಮೂವತ್ತು ಜನ ಹಾಗೆ ಗಾಳಿಗೆ ಕೈ ಬೀಸಿಕೊಂಡು ತಿರುಗುವುದನ್ನು ಮೊದಲ ಸಲ ನೋಡಿದವನಿಗೆ ಏನನ್ನಿಸುತ್ತೆ ಅಂತ ನಿನಗೆ ಹೇಳಬೇಕಿಲ್ಲ.

ಡಾಟ್ ಶುರುವಿನಲ್ಲಿ ಬಾಣದ ಹಾಗೆ ಹೋದಳು. ಹಾರುಗಂಬಗಳು, ಬಟ್ಟೆಯ ಸುರಂಗ, ಮನೆಯ ಸೂರಿನ ಹಾಗೆ ನಿಲ್ಲಿಸಿದ ಆ ಎತ್ತರದ ಹಲಗೆ, ಹನ್ನೆರಡು ಕಂಬಗಳ ನಡುವೆ ಹಾವಿನಂತೆ ನುಸುಳಾಟ. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಕೊನೆಯ ಮೂರು ಹಾರುಗಂಬ ಉಳಿದಾಗ ಅವಳು ತಲೆಯೆತ್ತಿ ಅಂಕಣದ ಹೊರಬಾಗಿಲ ಕಡೆ ನೋಡಿದಳು. ನೀನು ಯಾವಾಗಲೂ ಹಸಿರು ಮಡಚುಕುರ್ಚಿ ಹಾಕಿಕೊಂಡು, ಅವಳ ಹಗ್ಗವನ್ನೂ ಬೇಯಿಸಿದ ಕುರಿ ಈಲಿಯ ಚೂರನ್ನೂ ಹಿಡಿದು ಕೂರುತ್ತಿದ್ದೆಯಂತಲ್ಲ, ಆ ಜಾಗ. ಅಲ್ಲಿ ಹಗ್ಗ ಹಿಡಿದು ಯಾರೋ ಗೊತ್ತಿಲ್ಲದ ಹೆಂಗಸು ನಿಂತಿದ್ದಳು. ಡಾಟ್ ಓಟ ಬಿಟ್ಟಳು. ಅಂಕಣದ ಹಗ್ಗದಡಿ ನುಗ್ಗಿ ಹೊರಗೆ ಬಂದು, ಸಾಲಾಗಿ ಹಾಕಿದ್ದ ಕುರ್ಚಿಗಳನ್ನು ಒಂದೊಂದಾಗಿ ಮೂಸುತ್ತಾ ಹೊರಟಳು. ಒಂದನ್ನೂ ಬಿಡಲಿಲ್ಲ. ಕೂತವರು ಕಾಲೆತ್ತಿ ದಾರಿ ಬಿಟ್ಟರು. ಟೆಸ್ಸಾ ಅಂಕಣದ ನಡುವೆ ಕೈ ಇಳಿಬಿಟ್ಟು ನಿಂತಿದ್ದಳು. ತೀರ್ಪುಗಾರ ಎರಡು ಕೈ ಅಡ್ಡ ಹಿಡಿದು ಔಟ್ ಅಂದ. ಪಾಪ ಅಂತ ಕೆಲವರು ಚಪ್ಪಾಳೆ ತಟ್ಟಿದರು. ಅದು ಇನ್ನೂ ಕೆಟ್ಟದ್ದಾಗಿತ್ತು.

ನಿಜ ಹೇಳುತ್ತೇನೆ, ಟೆಸ್ಸಾ ಓಡಿಸುತ್ತಾಳೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ನಿನ್ನ ಮಂಡಿ ಕೈಕೊಟ್ಟ ಮೇಲೆ ಹತ್ತನೇ ವಯಸ್ಸಿಗೇ ಅವಳ ಕೈಗೆ ನಾಯಿ ಕೊಟ್ಟೆ, ಮೂರು ವರ್ಷದಲ್ಲಿ ಗೋಡೆ ತುಂಬಾ ಬಹುಮಾನದ ರಿಬ್ಬನ್ ಹೂಗಳು ಬಂದವು. ಆದರೆ ಡಾಟ್ ಓಡುತ್ತಿದ್ದದ್ದು ನಿನ್ನ ಕುರ್ಚಿಗೆ. ಮಗು ದಾರಿ ತೋರಿಸುತ್ತಿತ್ತು, ಅಷ್ಟೇ. ಇದನ್ನು ನನಗೆ ಹೇಳಿದ್ದು ಟೆಸ್ಸಾ, ವಾಪಸ್ ಬರುವಾಗ, ಕಿಟಕಿಯಾಚೆ ನೋಡುತ್ತಾ. "ಅವಳು ಯಾವತ್ತೂ ನನ್ನ ನಾಯಿ ಆಗಿರ್ಲಿಲ್ಲ ತಾತ." ನಾನು ಪೈ ತಿನ್ನುತ್ತೀಯಾ ಅಂತ ಕೇಳಿದೆ. ಬೇಡ ಅಂದಳು. ನಾನೇ ಎರಡೂ ತಿಂದೆ.

ಎರಡನೇ ಪಂದ್ಯದಲ್ಲೂ ಅದೇ. ಆಗ ಪ್ಯಾಟ್ ಒಂದು ಉಪಾಯ ಹೇಳಿದಳು. "ಡೊರೀನ್ ಮಳೆಕೋಟು ಇದ್ಯಾ ಮನೇಲಿ? ಆ ನೇರಳೆ ಬಣ್ಣದ್ದು? ಒಗೀಬೇಡಿ ಮಾರಾಯ್ರೇ, ಹಾಗೇ ಹಾಕ್ಕೊಂಡು ಬಾಗ್ಲಲ್ಲಿ ನಿಂತ್ಕೊಳ್ಳಿ." ನಾನು ನಕ್ಕೆ. ಅವಳು ನಗಲಿಲ್ಲ. ಜೂನ್ ಎರಡನೇ ಭಾನುವಾರ, ಒಂದು ಹನಿ ಮಳೆಯಿಲ್ಲದ ಸುಡುಬಿಸಿಲಿನಲ್ಲಿ, ನಿನ್ನ ನೇರಳೆ ಕೋಟು ಹಾಕಿಕೊಂಡು, ಗುಂಡಿ ಕೂಡದ ಹೊಟ್ಟೆಯನ್ನು ಒಳಗೆಳೆದು, ಕೈಯಲ್ಲಿ ಈಲಿಯ ಚೂರು ಹಿಡಿದು ನಿಂತೆ. ಹಳೇ ಬಸ್ ಡಿಪೋದವರು ಯಾರೂ ಅಲ್ಲಿರಲಿಲ್ಲ ಅನ್ನುವುದೊಂದೇ ಸಮಾಧಾನ. ಇಬ್ಬರು ಹೆಂಗಸರು ಫೋಟೋ ತೆಗೆದರು. ತೆಗೆಯಲಿ ಬಿಡು.

ಉಪಾಯ ಫಲಿಸಿತು. ಗಾಳಿ ನನ್ನ ಕಡೆಯಿಂದ ಅಂಕಣದ ಕಡೆಗೆ ಬೀಸುತ್ತಿತ್ತು. ಡಾಟ್ ಕೊನೆಯ ಮೂರು ಕಂಬಗಳನ್ನು ಹಾರಿದ ರೀತಿ ಇದೆಯಲ್ಲ ಡೊರೀನ್, ನೆಲ ಮುಟ್ಟಿದ್ದೇ ಕಾಣಲಿಲ್ಲ. ಒಂದೂ ತಪ್ಪಿಲ್ಲ, ಎಲ್ಲರಿಗಿಂತ ಎರಡು ಸೆಕೆಂಡು ಮುಂದೆ. ನೇರ ನನ್ನ ಎದೆಗೆ ಹಾರಿದಳು. ಕೋಟಿನೊಳಗೆ ಮೂತಿ ತೂರಿಸಿ, ತೋಳಿನಡಿ, ಜೇಬು, ಕಾಲರು, ಎಲ್ಲ ಮೂಸಿದಳು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದಳು. ಸ್ವಲ್ಪ ಹೊತ್ತು ನೋಡಿದಳು. ಕೆಳಗಿಳಿದು ನನಗೆ ಬೆನ್ನು ಹಾಕಿ ಹುಲ್ಲಿನ ಮೇಲೆ ಮಲಗಿಬಿಟ್ಟಳು. ಈಲಿ ಮೂಸಲೂ ಇಲ್ಲ.

ಮೊದಲ ಬಹುಮಾನ ಬಂತು. ಅದರಿಂದಲೇ ನಿನ್ನೆಯ ಆಯ್ಕೆ ಪಂದ್ಯಕ್ಕೆ ಅರ್ಹತೆಯೂ ಸಿಕ್ಕಿತು. ನಾನು ಏನೋ ಸಾಧಿಸಿದವನ ಹಾಗೆ ಬೀಗುತ್ತಾ ವ್ಯಾನಿನ ಹತ್ತಿರ ಬಂದರೆ, ಟೆಸ್ಸಾ ಹಿಂದಿನ ಬಾಗಿಲು ತೆರೆದು ಡಾಟ್‌ಳ ಪಕ್ಕ ಕೂತು ಅಳುತ್ತಿದ್ದಳು. ನಮ್ಮ ಟೆಸ್ಸಾ ಅಳುವವಳಲ್ಲ, ನಿನಗೆ ಗೊತ್ತಲ್ಲ. "ಅದನ್ನ ಇನ್ನೊಂದ್ಸಲ ಹಾಕ್ಬೇಡ ತಾತ. ಅಜ್ಜಿ ಬಂದ್ಲು ಅಂದ್ಕೊಂಡ್ಳು ಅವಳು. ಪಾಪದ ಪ್ರಾಣಿಗೆ ಮೋಸ ಮಾಡಿದ್ವಿ." ನಾನು ಕೋಟು ಬಿಚ್ಚಿ ಮಡಚಿ ಸೀಟಿನ ಕೆಳಗೆ ಹಾಕಿದೆ.

ಆ ಮಾತು ನನಗೆ ಚುಚ್ಚಿದ್ದು ಕೋಟಿಗಾಗಿ ಮಾತ್ರ ಅಲ್ಲ. ಏಪ್ರಿಲ್‌ನಲ್ಲಿ, ಟೆಸ್ಸಾಳನ್ನು ಕರೆತರಲಾ ಅಂತ ನಾನು ಕೇಳಿದಾಗ ನೀನು "ಬೇಡ" ಅಂದೆ. ನಿನಗೆ ವಾಪಸ್ ಬಂದಿರುವ ನಾಲ್ಕೈದು ಮಾತಿನಲ್ಲಿ ಎಲ್ಲಕ್ಕಿಂತ ಸ್ಪಷ್ಟವಾದದ್ದು ಅದು. ಎಡಗೈಯಿಂದ ಮುಖದ ಬಲಭಾಗ ಮುಚ್ಚಿಕೊಂಡೆ. ಯಾಕೆ ಅಂತ ಕೇಳಬೇಕಾಗಿರಲಿಲ್ಲ. ಆ ದಿನ ಮನೆಗೆ ಬಂದು, "ಅಲ್ಲಿ ಚಿಕ್ಕವರನ್ನ ಒಳಗೆ ಬಿಡಲ್ಲವಂತೆ ಪುಟ್ಟಾ, ಸೋಂಕು ಅಂತೆ" ಅಂತ ಹೇಳಿದೆ. ಅವಳು ನಂಬಿದಳು. ಆಗಿನಿಂದ ಪ್ರತಿ ಬುಧವಾರ ಸಂಜೆ ಗೇಟಿನ ಹತ್ತಿರ ಕಾದು ನಿಂತು, "ಈಗಾದ್ರೂ ಬಿಡ್ತಾರಂತಾ?" ಅಂತ ಕೇಳುತ್ತಿದ್ದಳು. ಇನ್ನೂ ಇಲ್ಲವಂತೆ ಅಂತ ನಾನು ಶೂ ಬಿಚ್ಚುತ್ತಾ ಹೇಳುತ್ತಿದ್ದೆ. ಮುಖ ನೋಡಿ ಹೇಳಲು ಆಗುತ್ತಿರಲಿಲ್ಲ.

ಜೂನ್‌ನಿಂದ ಹುಡುಗಿ ಬೇರೆಯೇ ಹಟಕ್ಕೆ ಬಿದ್ದಳು. ಸ್ಕೂಲಿಗೆ ಮುಂಚೆ ದಿನಾ ಆರಕ್ಕೆ ನಮ್ಮ ತೋಟಕ್ಕೆ ಬಂದು, ನನ್ನ ಹುರುಳಿಕಾಯಿ ಬಳ್ಳಿಯ ಕಡ್ಡಿಗಳನ್ನು ಕಿತ್ತು ಸಾಲಾಗಿ ನೆಟ್ಟು, ಪೊರಕೆ ಕೋಲುಗಳನ್ನು ಬಕೆಟ್ ಮೇಲೆ ಅಡ್ಡ ಇಟ್ಟು ಡಾಟ್‌ಗೆ ಪಾಠ. ಅವಳ ಪಾಠವೂ ವಿಚಿತ್ರ. ಹಾರಿಸುವುದಕ್ಕಿಂತ ಸುಮ್ಮನೆ ನಿಲ್ಲುವುದೇ ಹೆಚ್ಚು. ಡಾಟ್ ಬೇರೆ ಕಡೆ ನೋಡಿದರೆ ಟೆಸ್ಸಾ ಕರೆಯುತ್ತಿರಲಿಲ್ಲ, ಕೈ ತಟ್ಟುತ್ತಿರಲಿಲ್ಲ. ನಿಂತುಬಿಡುತ್ತಿದ್ದಳು. ನಾಯಿ ತಾನಾಗಿ ತಿರುಗಿ ಅವಳನ್ನು ನೋಡುವವರೆಗೆ. ಒಂದು ದಿನ ಹನ್ನೊಂದು ನಿಮಿಷ ಆಯಿತು, ನಾನು ಗಡಿಯಾರ ನೋಡಿದ್ದೆ. ಪಕ್ಕದ ತೋಟದ ಮುದುಕ ಬೇಲಿಯಾಚೆಯಿಂದ, "ಏನಯ್ಯಾ ವಿಲ್ಫ್, ನಿನ್ ಮೊಮ್ಮಗಳು ಬೆದರುಬೊಂಬೆ ಕೆಲಸಕ್ಕೆ ಸೇರಿದ್ದಾಳಾ?" ಅಂದ. ಕಾಗೆಗಳೂ ಬರುತ್ತಿರಲಿಲ್ಲ, ಅದು ನಿಜ. ಹೀಗೆ ಐದು ವಾರ. ಮೂರನೇ ವಾರಕ್ಕೆ ಡಾಟ್ ನೋಡಿ ಬಾಲ ಅಲ್ಲಾಡಿಸಲು ಶುರುಮಾಡಿದಳು. ನಾಲ್ಕನೇ ವಾರ ಒಂದು ಬೆಳಿಗ್ಗೆ ನಾನು ನೀರು ಹೊಯ್ಯುತ್ತಿದ್ದಾಗ, ಟೆಸ್ಸಾ ನೆಲದ ಮೇಲೆ ಅಂಗಾತ ಬಿದ್ದುಕೊಂಡು ನಗುತ್ತಿದ್ದಳು, ಡಾಟ್ ಅವಳ ಎದೆ ಮೇಲೆ ನಿಂತಿದ್ದಳು. ನನ್ನ ಬಟಾಣಿ ಮಡಿ ಅರ್ಧ ಹಾಳಾಗಿತ್ತು. ನಾನು ಪಕ್ಕದ ಸಾಲಿಗೆ ನೀರು ಹೊಯ್ದೆ.

ಈಗ ನಿನ್ನೆಯ ವಿಷಯ. ಹ್ಯಾರೊಗೇಟ್ ಆಚೆಯ ದೊಡ್ಡ ಮೈದಾನ, ಹದಿನಾಲ್ಕರ ಒಳಗಿನವರ ಆಯ್ಕೆ. ಇಪ್ಪತ್ತಾರು ಮಕ್ಕಳು. ಮೊದಲ ಮೂವರಿಗೆ ಡಿಸೆಂಬರ್‌ನ ಒಳಾಂಗಣ ಪಂದ್ಯಕ್ಕೆ ಹೋಗುವ ಅವಕಾಶ. ದೀಪ, ಹಸಿರು ಜಮಖಾನ, ಸುತ್ತ ಗ್ಯಾಲರಿ, ಸಾಯುವುದರೊಳಗೆ ಒಂದು ಸಲ ಅಲ್ಲಿ ನಿಲ್ಲಬೇಕು ಅಂತ ನೀನು ಹೇಳುತ್ತಿದ್ದ ಜಾಗ. ಟೆಸ್ಸಾಗೆ ಅಕ್ಟೋಬರ್‌ಗೆ ಹದಿನಾಲ್ಕು ತುಂಬುತ್ತದೆ, ಈ ವಿಭಾಗದಲ್ಲಿ ಇದೇ ಕೊನೆಯ ವರ್ಷ. ಇದೆಲ್ಲ ಯೋಚಿಸಿ ನಾನು ಅವಳಿಗೆ ಹೇಳದೆ ಕೋಟನ್ನು ಚೀಲದಲ್ಲಿ ತುರುಕಿಕೊಂಡಿದ್ದೆ. ಅವಳು ಚೀಲದಿಂದ ಸ್ಯಾಂಡ್‌ವಿಚ್ ತೆಗೆಯುವಾಗ ನೇರಳೆ ತೋಳು ಹೊರಗೆ ಬಂತು. ಬೈಯಲಿಲ್ಲ. ಅದನ್ನು ಒಳಗೆ ತಳ್ಳಿ, ಜಿಪ್ ಎಳೆದು, "ಬಾಗಿಲ ಹತ್ರ ನಿಲ್ಬೇಡ ತಾತ. ಈ ಕಡೆ ಇರು. ಹಗ್ಗ ನಾನೇ ಕೊನೇ ಕಂಬದ ಪಕ್ಕ ನೆಲದ ಮೇಲೆ ಇಡ್ತೀನಿ. ಅಲ್ಲಿ ಯಾರೂ ಬೇಡ" ಅಂದಳು.

ಹತ್ತೊಂಬತ್ತನೆಯವಳಾಗಿ ಅವಳ ಸರದಿ ಬಂತು. ನನ್ನ ಕೈ ಬೆವರುತ್ತಿತ್ತು. ನೋಡು, ನಾಯಿಗಳ ವಿಷಯಕ್ಕೆ ನಾನು ಬೆವರುವ ಕಾಲ ಬಂತು. ಡಾಟ್ ಗೆರೆಯ ಹಿಂದೆ ಕೂತಳು, ಟೆಸ್ಸಾ ಮುಂದೆ ನಡೆದು ಕೈ ಎತ್ತಿ ಇಳಿಸಿದಳು, ಇಬ್ಬರೂ ಹೊರಟರು. ಎಷ್ಟು ಚೆನ್ನಾಗಿ ಹೋಗುತ್ತಿದ್ದರು ಅಂತ ಬರೆಯಲು ನನಗೆ ಬಾರದು. ಸೂರಿನ ಹಲಗೆ ಇಳಿಯುವಾಗ ಡಾಟ್ ಮುಟ್ಟಲೇಬೇಕಾದ ಹಳದಿ ಜಾಗಕ್ಕೆ ಎರಡೂ ಪಾದ ಊರಿದಳು. ಏರಿಳಿಯುವ ಹಲಗೆ ತೂಗಿ ನೆಲ ಮುಟ್ಟುವವರೆಗೆ ತುದಿಯಲ್ಲಿ ಕಾದಳು. ಹನ್ನೆರಡು ಕಂಬ ನುಸುಳಿದ್ದು ಸೂಜಿ ಹೊಲಿದ ಹಾಗಿತ್ತು. ನನ್ನ ಪಕ್ಕದ ಗಂಡಸು, ತನ್ನ ಮಗನೂ ಸ್ಪರ್ಧೆಯಲ್ಲಿದ್ದವನು, "ಮುಗೀತು, ಇವಳೇ ಗೆದ್ಲು" ಅಂತ ಗೊಣಗಿದ.

ಹದಿನಾರನೇ ಅಡ್ಡಿ ಹಾರಿ ಇಳಿದಾಗ ದಾರಿ ಒಂದು ಸಲ ಪ್ರೇಕ್ಷಕರ ಕಡೆಗೆ ತಿರುಗುತ್ತಿತ್ತು. ಅಲ್ಲಿ ಹಗ್ಗಕ್ಕೆ ಒತ್ತಿಕೊಂಡು ಒಬ್ಬ ಬಿಳಿ ಕೂದಲಿನ ಹೆಂಗಸು ಮಡಚುಕುರ್ಚಿಯಲ್ಲಿ ಕೂತು, ಊರುಗೋಲು ಮಡಿಲಲ್ಲಿಟ್ಟುಕೊಂಡು, ಏನೋ ತಿನ್ನುತ್ತಿದ್ದಳು. ಡಾಟ್ ನಿಂತಳು. ಒಂದು ಕಾಲು ಎತ್ತಿಕೊಂಡೇ ನಿಂತಳು. ಮೂಗು ಮೇಲೆ ಮಾಡಿದಳು. ತೀರ್ಪುಗಾರ ಒಂದು ಕೈ ಎತ್ತಿದ, ಅಂದರೆ ಐದು ತಪ್ಪು. ಡಿಸೆಂಬರ್ ಅಲ್ಲಿಗೇ ಮುಗಿಯಿತು, ಅದು ನನಗೂ ಅರ್ಥವಾಯಿತು, ಟೆಸ್ಸಾಗಂತೂ ಆಗಿರುತ್ತದೆ. ನಾನು ಚೀಲದ ಜಿಪ್‌ಗೆ ಕೈ ಹಾಕಿದೆ ಡೊರೀನ್, ಸುಳ್ಳು ಹೇಳುವುದಿಲ್ಲ. ಎಲ್ಲರೂ ಟೆಸ್ಸಾ ಕೂಗಲಿ ಅಂತ ಕಾಯುತ್ತಿದ್ದರು. ಅವಳು ಕೂಗಲಿಲ್ಲ. ತೋಟದಲ್ಲಿ ನಿಲ್ಲುತ್ತಿದ್ದ ಹಾಗೆ ಕೈ ಇಳಿಬಿಟ್ಟು ನಿಂತಳು. ಗಡಿಯಾರ ಓಡುತ್ತಲೇ ಇತ್ತು. ಅವಳ ತುಟಿ ಅಲ್ಲಾಡಿದ್ದು ಕಂಡಿತು. ಏನು ಅಂದಳೋ ನನಗೆ ಕೇಳಲಿಲ್ಲ. ಬಿದ್ದ ಕೋಲು ಎತ್ತಿಡುವ ಕೆಲಸಕ್ಕೆ ಪ್ಯಾಟ್ ಅಂಕಣದೊಳಗೇ ಇದ್ದಳು, ಅವಳು ಆಮೇಲೆ ಹೇಳಿದಳು: "ಅದು ಅಜ್ಜಿ ಅಲ್ಲ ಕಣೇ ಡಾಟ್. ಅಜ್ಜಿ ಬಂದಿಲ್ಲ. ನಾವಿಬ್ರೇ" ಅಂದಳಂತೆ. ಮನೆಯಲ್ಲಿ ಮಾತಾಡುವ ದನಿಯಲ್ಲಿ.

ಡಾಟ್ ಎತ್ತಿದ ಕಾಲು ಇಳಿಸಿ ತಿರುಗಿ ನೋಡಿದಳು. ಆ ಕುರ್ಚಿಯನ್ನು ಇನ್ನೊಂದು ಸಲ ನೋಡಿದಳು. ಆಮೇಲೆ ಟೆಸ್ಸಾ ಕಡೆ ಬಂದಳು. ಬಾಣದ ಹಾಗೆ ಅಲ್ಲ, ಸಾಧಾರಣ ಓಟದಲ್ಲಿ, ಅವಳ ಕಾಲಿಗೆ ಅಂಟಿಕೊಂಡು ಉಳಿದ ನಾಲ್ಕು ಅಡ್ಡಿ ದಾಟಿದಳು. ಕೊನೆಯ ಕಂಬ ದಾಟಿ ಹೊರಬಾಗಿಲ ಕಡೆ ನೋಡಲೇ ಇಲ್ಲ, ತಿರುಗಿ ಟೆಸ್ಸಾಳ ತೋಳಿಗೆ ಹಾರಿದಳು. ಈಲಿ ಇಲ್ಲ, ಕೋಟಿಲ್ಲ. ಹುಡುಗಿ ಮಂಡಿಯೂರಿ ಅವಳ ಕತ್ತಿನಲ್ಲಿ ಮುಖ ಹುದುಗಿಸಿಕೊಂಡು ಎಷ್ಟು ಹೊತ್ತು ಕೂತಳೆಂದರೆ, ಮುಂದಿನ ಮಗುವಿಗೆ ಜಾಗ ಬಿಡಮ್ಮಾ ಅಂತ ಪ್ಯಾಟ್ ಹೋಗಿ ಎಬ್ಬಿಸಬೇಕಾಯಿತು. ಐದು ತಪ್ಪು, ಅದರ ಮೇಲೆ ಕಾಲ ಮೀರಿದ್ದಕ್ಕೆ ಇನ್ನೊಂದಿಷ್ಟು. ಹದಿನಾಲ್ಕನೇ ಸ್ಥಾನ. ಆ ಪಕ್ಕದ ಗಂಡಸಿನ ಮಗ ಮೂರನೆಯವನಾದ. ಅವನು ನನ್ನ ಕೈ ಕುಲುಕಿ, "ನಿಮ್ಮ ಹುಡುಗಿ ಗಟ್ಟಿ ಇದಾಳೆ" ಅಂದ. ನಾನು ತಲೆಯಾಡಿಸಿದೆ.

ವಾಪಸ್ ಬರುವಾಗ ಮೂರರ ಹೊತ್ತಿಗೆ ನನಗೆ ಕಣ್ಣು ಎಳೆಯತೊಡಗಿತು. ರಸ್ತೆ ಬದಿ ವ್ಯಾನು ನಿಲ್ಲಿಸಿ ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡೆವು. ಟೆಸ್ಸಾ ಸೋತದ್ದಕ್ಕೆ ಅಳಲಿಲ್ಲ. ಬಿಸ್ಕತ್ ಅದ್ದಿಕೊಂಡು ತಿನ್ನುತ್ತಾ, "ಅಜ್ಜಿಗೆ ನಾನೇ ಹೇಳ್ಬೇಕು ತಾತ. ಡಿಸೆಂಬರ್ ಹೋಯ್ತು ಅಂತ. ನೀನು ಹೇಳಿದ್ರೆ ಸರಿಯಾಗಲ್ಲ. ನೀನು ಎಲ್ಲಾ ಚೆನ್ನಾಗಿದೆ ಅಂತೀಯ" ಅಂದಳು. ಸುಮ್ಮನೆ ಅಂದ ಮಾತು. ಆದರೆ ನಾನು ಲೋಟ ಕೆಳಗಿಟ್ಟೆ. ಆಗ ಹೇಳಿಬಿಟ್ಟೆ. ಅಲ್ಲಿ ಚಿಕ್ಕವರನ್ನು ಬಿಡುತ್ತಾರೆ, ಯಾವತ್ತೂ ಬಿಡುತ್ತಿದ್ದರು, ಬೇಡ ಅಂದದ್ದು ನಿಮ್ಮ ಅಜ್ಜಿ, ಸುಳ್ಳು ಹೇಳಿದ್ದು ನಾನು ಅಂತ.

ಲಾರಿಗಳು ಹೋಗುತ್ತಿದ್ದವು, ಪ್ರತಿ ಸಲವೂ ವ್ಯಾನು ಸ್ವಲ್ಪ ಅಲುಗುತ್ತಿತ್ತು. ಬೈಯಲಿ ಅಂತ ಕಾದೆ. ಕೊನೆಗೆ, "ನನ್ನ ಮೇಲೆ ಕೋಪಾನಾ ಅಜ್ಜಿಗೆ?" ಅಂತ ಕೇಳಿದಳು. ಆ ಪ್ರಶ್ನೆಯನ್ನು ನೀನು ಕೇಳಿಸಿಕೊಳ್ಳಬೇಕಿತ್ತು. ನೀನು ಅಡುಗೆಮನೆಯಲ್ಲಿ ಬಿದ್ದ ದಿನ ಅವಳು ಡಾಟ್‌ಳನ್ನು ಸುತ್ತಾಡಿಸಲು ಹೋದವಳು ಗೆಳತಿಯ ಮನೆಯಲ್ಲಿ ಅರ್ಧ ಗಂಟೆ ಹೆಚ್ಚು ಕೂತಿದ್ದಳಂತೆ. ಬೇಗ ಬಂದಿದ್ದರೆ ಅಜ್ಜಿ ಅಷ್ಟು ಹೊತ್ತು ನೆಲದ ಮೇಲೆ ಬಿದ್ದಿರುತ್ತಿರಲಿಲ್ಲ, ಅದಕ್ಕೇ ಅಜ್ಜಿ ತನ್ನನ್ನು ನೋಡುವುದಿಲ್ಲ ಅಂತ ಐದು ತಿಂಗಳಿಂದ ಆ ಮಗು ಒಳಗೇ ಇಟ್ಟುಕೊಂಡಿದೆ. ನಾನು ಹೇಳಿದ ಸೋಂಕಿನ ಕತೆಯನ್ನು ಅವಳು ಅರ್ಧವೇ ನಂಬಿದ್ದಳು. ನಂಬದ ಇನ್ನರ್ಧದಲ್ಲಿ ಇದನ್ನು ತುಂಬಿಕೊಂಡಿದ್ದಳು.

ಹಾಗಲ್ಲ ಪುಟ್ಟಾ, ಅಜ್ಜಿಗೆ ಮುಖ ಸ್ವಲ್ಪ ಜೋತುಬಿದ್ದಿದೆ, ಮಾತು ತೊದಲುತ್ತೆ, ಬಾಯಿಂದ ಜೊಲ್ಲು ಬರುತ್ತೆ, ನಾಚಿಕೆ ಪಡ್ತಾಳೆ ಅಷ್ಟೇ ಅಂದೆ. ಇದನ್ನು ಹೇಳಿದ್ದಕ್ಕೆ ನನ್ನನ್ನು ಕ್ಷಮಿಸು, ಬೇರೆ ದಾರಿ ಇರಲಿಲ್ಲ. ಅವಳು ನನ್ನನ್ನು ದಿಟ್ಟಿಸಿ ನೋಡಿ, "ಅಷ್ಟೇನಾ?" ಅಂದಳು. ಆಮೇಲೆ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ಡಾಟ್ ಹಿಂದಿನಿಂದ ಬಂದು ಅವಳ ಭುಜದ ಮೇಲೆ ಗದ್ದ ಇಟ್ಟುಕೊಂಡಳು, ಸ್ಕಿಪ್ಟನ್ ಬರುವವರೆಗೆ ಹಾಗೇ ಇದ್ದಳು.

ಅಷ್ಟೇ ಸುದ್ದಿ. ಇಷ್ಟು ಉದ್ದ ನಾನು ಬರೆದದ್ದು ನಮ್ಮ ಮದುವೆಗೆ ಮುಂಚೆ ಕೂಡ ಇಲ್ಲ. ಗಿಲ್ ನಿನ್ನ ಕೇಳಿದಳು, ಶುಕ್ರವಾರ ಪಾಳಿ ಮುಗಿಸಿ ಬರುತ್ತಾಳಂತೆ. ಪ್ಯಾಟ್ ನಿನಗೆ ನೆನಪು ಹೇಳಿದ್ದಾಳೆ. ಚೆಂಡು ಹಿಸುಕು, ಮೀನು ತಿನ್ನು, ಹೊದಿಕೆ ಸರಿಯಾಗಿ ಹೊದ್ದುಕೋ. ನೀನು ಬೇಗ ಚೇತರಿಸಿಕೋ ಅಂತ ಬರೆಯುವುದಿಲ್ಲ, ಎಲ್ಲರೂ ಅದನ್ನೇ ಹೇಳಿ ನಿನಗೆ ಸಾಕಾಗಿರುತ್ತದೆ. ನಿಧಾನಕ್ಕೆ ಆಗಲಿ. ನಾನು ಎಲ್ಲಿಗೂ ಹೋಗುವುದಿಲ್ಲ.

ನಿನ್ನವ,
ವಿಲ್ಫ್

ಮರೆತಿದ್ದೆ: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮುಂದಿನ ಭಾನುವಾರದ ಪಂದ್ಯದಿಂದ ಟೆಸ್ಸಾ ಇವತ್ತು ಬೆಳಿಗ್ಗೆ ತಾನೇ ಫೋನ್ ಮಾಡಿ ಹೆಸರು ತೆಗೆಸಿದ್ದಾಳೆ. ಆ ದಿನ ಎರಡು ಗಂಟೆಗೆ ನಾವು ಮೂವರೂ ಅಲ್ಲಿಗೆ ಬರುತ್ತೇವೆ. ಅಲ್ಲಿಯ ಸಿಸ್ಟರ್‌ಗೆ ಹೇಳಿಯಾಗಿದೆ, ನಾಯಿಗೂ ಒಪ್ಪಿದ್ದಾರೆ, ನಿನ್ನ ಗಾಲಿಕುರ್ಚಿಯನ್ನು ಹಿಂದಿನ ಹೂದೋಟದ ಬಾಗಿಲವರೆಗೆ ತಳ್ಳಿಕೊಂಡು ಬರುತ್ತಾರೆ. ಈ ಸಲ ನಾನು ಕೇಳುತ್ತಿಲ್ಲ ಡೊರೀನ್. ನಿನಗೆ "ಬೇಡ" ಅನ್ನಬೇಕೆಂದಿದ್ದರೆ ಅನ್ನು, ಆ ಮಾತು ನಿನಗೆ ಚೆನ್ನಾಗಿ ಬರುತ್ತದೆ. ಆದರೆ ಅದನ್ನು ಇನ್ನು ನಾನು ಹೊತ್ತುಕೊಂಡು ಹೋಗುವುದಿಲ್ಲ. ಅವಳು ನಿನ್ನ ಮುಂದೆ ನಿಂತಾಗ ಅವಳಿಗೇ ಹೇಳು.